ಮನೆಯ ವೈಫೈಯಲ್ಲಿ ಕರ್ನಲ್ ಪರೀಕ್ಷೆ: ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ವೈಫೈ ಭಾಗಕ್ಕೆ ಬರೆದ ಒಂದು ಪ್ರಾಯೋಗಿಕ ಪ್ಯಾಚ್ (ಕೋಡ್‌ನ ತಿದ್ದುಪಡಿ), ಅದನ್ನು ತಮ್ಮ ಮನೆಯಲ್ಲಿ ಓಡಿಸಿ ನೋಡಲು ಒಪ್ಪಿದ ಕೆಲವು ಕುಟುಂಬಗಳು, ಅವರನ್ನು ಹುಡುಕಲು ಪಟ್ಟ ಪಾಡು: ಈ ಪ್ರಕರಣದಲ್ಲಿ ಇರುವುದು ಇಷ್ಟು. ಯಾರ ಹೆಸರನ್ನೂ ಕೊಟ್ಟಿಲ್ಲ. ವೃತ್ತಿ, ಊರು, ಮನೆಯ ವಿವರಗಳನ್ನು ಅಲ್ಲಲ್ಲಿ ಅದಲುಬದಲು ಮಾಡಿದ್ದೇನೆ. ಕೋಡ್ ಬರೆದವರು ಒಬ್ಬ ಮಹಿಳಾ ಎಂಜಿನಿಯರ್. ನವನಗರದ ಮನೆಯಿಂದಲೇ ಹೊರಗಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾರೆ. ಈ ಪ್ಯಾಚ್ ಮಾತ್ರ ರಾತ್ರಿ ಹೊತ್ತಿನ ಅವರ ಸ್ವಂತ ಹಟ. ಪರೀಕ್ಷಕರನ್ನು ಹುಡುಕುವುದು, ಅವರೊಂದಿಗೆ ಮಾತನಾಡುವುದು, ಅವರು ಹೇಳಿದ್ದನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ.

ಹಿನ್ನೆಲೆ

ವೈಫೈಯಲ್ಲಿ ಒಂದು ಚಾನೆಲ್‌ನ ಮೇಲೆ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಬ್ಬರೇ ಮಾತನಾಡಬೇಕು. ರೌಟರ್ ಪಕ್ಕದ ಲ್ಯಾಪ್‌ಟಾಪ್ ತನ್ನ ಪ್ಯಾಕೆಟನ್ನು, ಅಂದರೆ ಮಾಹಿತಿಯ ಸಣ್ಣ ತುಂಡನ್ನು, ಕಣ್ಣು ಮಿಟುಕಿಸುವುದರೊಳಗೆ ಪಡೆದು ಮುಗಿಸುತ್ತದೆ. ಎರಡು ಗೋಡೆಗಳ ಆಚೆ ಇರುವ ಅಗ್ಗದ ಫೋನು ಅದೇ ಗಾತ್ರದ ಪ್ಯಾಕೆಟ್‌ಗೆ ಹತ್ತಾರು ಪಟ್ಟು ಹೆಚ್ಚು ಹೊತ್ತು ಚಾನೆಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ನಿಧಾನದ ಸಾಧನದಿಂದ ಇಡೀ ಮನೆ ನಿಧಾನವಾಗುವ ಈ ದೋಷ ಎರಡು ದಶಕಗಳಿಂದ ತಿಳಿದಿರುವಂಥದ್ದು. ಲಿನಕ್ಸ್‌ನಲ್ಲಿ ಇದಕ್ಕೆ ಪರಿಹಾರ ಕಂತುಗಳಲ್ಲಿ ಬಂತು. 2012ರಲ್ಲಿ 3.5ನೇ ಆವೃತ್ತಿಯೊಂದಿಗೆ ಪ್ಯಾಕೆಟ್‌ಗಳು ಸಾಲಿನಲ್ಲಿ ಹೆಚ್ಚು ಕಾಯದಂತೆ ನೋಡಿಕೊಳ್ಳುವ ಎಫ್‌ಕ್ಯೂ-ಕೋಡೆಲ್ ಎಂಬ ಸರದಿ ವ್ಯವಸ್ಥೆ ಸೇರಿತು. 2017ರಲ್ಲಿ ಒಂದು ವೈಫೈ ಡ್ರೈವರಿಗೆ (ಚಿಪ್ ನಡೆಸುವ ತಂತ್ರಾಂಶಕ್ಕೆ) ಎಲ್ಲ ಸಾಧನಗಳಿಗೂ ಸಮನಾಗಿ ಪ್ರಸಾರದ ಸಮಯ ಹಂಚುವ ಪದ್ಧತಿ ಬಂತು. ಎಫ್‌ಕ್ಯೂ-ಕೋಡೆಲ್ ಬೆಳೆದ ಕಾಲದಲ್ಲಿ ಅದನ್ನು ಮೊದಲು ಓಡಿಸಿ ನೋಡಿದವರಲ್ಲಿ ತಮ್ಮ ಮನೆಯ ರೌಟರುಗಳಿಗೆ ಪ್ರಾಯೋಗಿಕ ಫರ್ಮ್‌ವೇರ್ (ರೌಟರನ್ನು ನಡೆಸುವ ತಂತ್ರಾಂಶ) ಹಾಕಿಕೊಂಡ ಸ್ವಯಂಸೇವಕರೂ ಇದ್ದರು.

ನಮ್ಮ ಎಂಜಿನಿಯರ್ ಬರೆದದ್ದು ಇದರ ಮೇಲೆ ಒಂದು ಸಣ್ಣ ಸೇರ್ಪಡೆ. ನಿಧಾನದ ಸಾಧನಕ್ಕಾಗಿ ಸರದಿಯಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಹೊತ್ತು ಕಾಯ್ದ ಪ್ಯಾಕೆಟನ್ನು ಹಳಸಿದ್ದೆಂದು ತೀರ್ಮಾನಿಸಿ ಬಿಸಾಡುವುದು. ಆ ಮಿತಿ 150 ಮಿಲಿಸೆಕೆಂಡ್. ವಿಡಿಯೊ ಕರೆಯ ಹಳೆಯ ತುಣುಕನ್ನು ತಡವಾಗಿ ತಲುಪಿಸಿ ಯಾರಿಗೂ ಉಪಯೋಗವಿಲ್ಲ. ಬಿಟ್ಟರೆ ಉಳಿದವರಿಗೆ ಸಮಯ ಸಿಗುತ್ತದೆ ಎಂಬುದು ತರ್ಕ. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಒಂದು ರೌಟರ್ ಇಟ್ಟು ಫ್ಲೆಂಟ್ ಎಂಬ ಉಪಕರಣದಿಂದ ಅಳೆದಾಗ ನಕ್ಷೆಗಳು ಚೆನ್ನಾಗಿಯೇ ಬಂದವು.

ನೆಟ್‌ವರ್ಕ್ ಕೋಡ್‌ನ ವಿಷಯದಲ್ಲಿ ಮೇಜಿನ ಮೇಲಿನ ಫಲಿತಾಂಶವನ್ನು ಎಷ್ಟು ನಂಬಬೇಕು ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ವಿಶ್ವವಿದ್ಯಾಲಯದ ನಡುವೆ, ಅಂದರೆ ಕೇವಲ 400 ಗಜ ದೂರದಲ್ಲಿ, ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ಯಂತ್ರಗಳಲ್ಲಿದ್ದ, ಮಾಹಿತಿ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಎಂಬ ವ್ಯವಸ್ಥೆ ಬರೆದಂತೆಯೇ ನಡೆದುಕೊಳ್ಳುತ್ತಿತ್ತು. ಎಲ್ಲವೂ ಒಟ್ಟಿಗೆ ಹಾಗೆ ನಡೆದುಕೊಂಡದ್ದೇ ತೊಂದರೆಯಾಯಿತು. ವ್ಯಾನ್ ಜೇಕಬ್ಸನ್ 1988ರಲ್ಲಿ ವಿವರಿಸಿದ ದಟ್ಟಣೆ ನಿಯಂತ್ರಣ ಹುಟ್ಟಿದ್ದು ಆ ಕುಸಿತದಿಂದ. ಹೊಸ ಕೋಡನ್ನು ಅಪರಿಚಿತರ ನಡುವೆ ಬಿಟ್ಟು ನೋಡದೆ ಅದರ ಗುಣ ತಿಳಿಯುವುದಿಲ್ಲ.

ಪರೀಕ್ಷೆಗೆ ನಮ್ಮ ಜಿಲ್ಲೆಯೇ ಒಳ್ಳೆಯದು ಎಂದು ಎಂಜಿನಿಯರ್ ವಾದಿಸುತ್ತಿದ್ದರು, ಅದರಲ್ಲಿ ಊರಿನ ಅಭಿಮಾನವಷ್ಟೇ ಇರಲಿಲ್ಲ. ಗುಳೇದಗುಡ್ಡ, ಇಳಕಲ್, ಬಾದಾಮಿ ಕಡೆಯ ಹಳೆಯ ಮನೆಗಳು ಕಲ್ಲಿನವು. ಕೇಬಲ್ ಮುಂಬಾಗಿಲಿನಿಂದ ಬರುತ್ತದೆ, ರೌಟರ್ ಪಡಸಾಲೆಯಲ್ಲಿ ಕೂರುತ್ತದೆ, ಅಡುಗೆ ಮನೆ ಮೂರನೇ ಗೋಡೆಯ ಆಚೆಗಿರುತ್ತದೆ. ನಿಧಾನದ ಸಾಧನವನ್ನು ಕೃತಕವಾಗಿ ಸೃಷ್ಟಿಸಬೇಕಾದ ಅಗತ್ಯವೇ ಇಲ್ಲ, ಪ್ರತಿ ಮನೆಯಲ್ಲೂ ಒಂದು ತಯಾರಾಗಿ ಇರುತ್ತದೆ.

ಮೊದಲ ಕರೆ

ಮೊದಲ ಮನವಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೋಯಿತು. ಕರ್ನಲ್ ಬಗ್ಗೆ ಕುತೂಹಲ ಇರುವವರು ಅಲ್ಲಿ ಸಿಗುತ್ತಾರೆ ಎಂಬುದು ಸಹಜವಾದ ಎಣಿಕೆ. ಮನವಿಯಲ್ಲಿ ಪ್ಯಾಚ್‌ನ ವಿನ್ಯಾಸ, ನಕ್ಷೆ, ಕರ್ನಲ್ ಕಂಪೈಲ್ ಮಾಡುವ (ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ) ಆದೇಶಗಳು ಎಲ್ಲವೂ ಇದ್ದವು. ಕೈ ಎತ್ತಿದವರು ಬಹಳ ಮಂದಿ. ಕೊನೆಗೆ ಕೋಡನ್ನು ನಿಜವಾಗಿ ಓಡಿಸಿದವರು ಬೆರಳೆಣಿಕೆಯವರು, ಮತ್ತು ಅವರಲ್ಲಿ ಯಾರಿಂದಲೂ ಉಪಯುಕ್ತ ವರದಿ ಬರಲಿಲ್ಲ.

ಸೋಮಾರಿತನ ಎಂದು ಬಿಟ್ಟುಬಿಡುವುದು ಸುಲಭ. ಒಬ್ಬೊಬ್ಬರನ್ನೇ ಮಾತನಾಡಿಸಿದಾಗ ಕಾರಣಗಳು ಬೇರೆಬೇರೆಯಾಗಿದ್ದವು. ಹಲವರು ವರ್ಚುವಲ್ ಯಂತ್ರದೊಳಗೆ, ಅಂದರೆ ತಂತ್ರಾಂಶದಿಂದ ಸೃಷ್ಟಿಸಿದ ಹುಸಿ ಕಂಪ್ಯೂಟರಿನೊಳಗೆ, ಕರ್ನಲ್ ಹಾಕಿ ನೋಡಿದ್ದರು. ವರ್ಚುವಲ್ ಯಂತ್ರಕ್ಕೆ ಸಾಮಾನ್ಯವಾಗಿ ವೈಫೈ ಕಾಣುವುದೇ ಇಲ್ಲ, ಕಾಣುವುದು ತಂತಿಯ ಕಾರ್ಡ್ ಮಾತ್ರ. ಅವರ ಯಂತ್ರದಲ್ಲಿ ನಮ್ಮ ಕೋಡ್ ಒಂದು ಸಲವೂ ಕಾರ್ಯಗತವಾಗಿರಲಿಲ್ಲ, ಆದರೂ ಉತ್ತರ "ತೊಂದರೆ ಏನೂ ಇಲ್ಲ" ಎಂದು ಬಂದಿತ್ತು. ಇನ್ನು ಕೆಲವರು ಹಾಸ್ಟೆಲ್‌ನಲ್ಲಿದ್ದರು. ಹಾಸ್ಟೆಲ್ ಜಾಲದ ಮೇಲೆ ಪ್ರಯೋಗ ಮಾಡಲು ಅಲ್ಲಿನ ಮೇಲ್ವಿಚಾರಕರು ಒಪ್ಪಲಿಲ್ಲ. ಅವರ ನಿಲುವು ಸರಿಯಾಗಿಯೇ ಇತ್ತು. ನೂರಾರು ಹುಡುಗರು ಅವಲಂಬಿಸಿರುವ ಜಾಲದ ಮೇಲೆ ಒಬ್ಬ ಉತ್ಸಾಹಿಗೆ ಹಕ್ಕು ಇರುವುದಿಲ್ಲ. ಅಂದಿನಿಂದ ನಮ್ಮದೊಂದು ನಿಯಮವಾಯಿತು: ಪರೀಕ್ಷಕ ತಾನೇ ಮಾಲೀಕನಲ್ಲದ ಜಾಲದಲ್ಲಿ ಪರೀಕ್ಷೆ ಇಲ್ಲ.

ಮೂರನೆಯ ಗುಂಪು ನೇರವಾಗಿ ಕೇಳಿತು, ಇದಕ್ಕೆ ಆಕ್ಟಿವಿಟಿ ಪಾಯಿಂಟ್ ಸಿಗುತ್ತದೆಯೇ, ಪ್ರಮಾಣಪತ್ರ ಇದೆಯೇ ಎಂದು. ಪದವಿಗೆ ಅಂಥ ಅಂಕ ಕೂಡಿಸಲೇಬೇಕಾದ ವಿದ್ಯಾರ್ಥಿಗಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕೊಡಬಹುದಿತ್ತು ಕೂಡ, ಪರಿಚಯದ ಪ್ರಾಧ್ಯಾಪಕರೊಬ್ಬರು ಏರ್ಪಾಟು ಮಾಡಲು ಸಿದ್ಧರಿದ್ದರು. ಎಂಜಿನಿಯರ್ ಬೇಡವೆಂದರು. ವರದಿಗೆ ಅಂಕ ಎಂದಾದರೆ ವರದಿಗಳು ಬರುತ್ತವೆ, ಪರೀಕ್ಷೆ ನಡೆದಿರಬೇಕೆಂದಿಲ್ಲ. ಯಾವುದು ನಿಜವೆಂದು ಬೇರ್ಪಡಿಸಲು ನಮ್ಮಲ್ಲಿ ಸಾಧನವಿಲ್ಲ. ಆ ಹೊತ್ತಿಗೆ ನನಗೆ ಅದು ಅತಿಯಾದ ಬಿಗುವು ಎನಿಸಿತ್ತು. ಈಗಲೂ ಅರ್ಧ ಹಾಗೇ ಅನಿಸುತ್ತದೆ, ಏಕೆಂದರೆ ಆ ಹುಡುಗರಲ್ಲಿ ಇಬ್ಬರಾದರೂ ಕೆಲಸ ಕಲಿಯುತ್ತಿದ್ದರು.

ಈ ಸೋಲಿನಿಂದ ಕೋಡ್‌ನಲ್ಲಿಯೇ ಒಂದು ಬದಲಾವಣೆ ಆಯಿತು. ಹಳಸಿತೆಂದು ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆಯನ್ನು ಪ್ಯಾಚ್ ತಾನೇ ಇಟ್ಟುಕೊಳ್ಳುವಂತೆ ಮಾಡಲಾಯಿತು. ಎಣಿಕೆ ಸೊನ್ನೆಯಾಗಿದ್ದರೆ ಆ ಮನೆಯ "ತೊಂದರೆ ಇಲ್ಲ" ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಕರೆಯನ್ನು ತಿರುಗಿ ಬರೆದದ್ದು

ಎರಡನೆಯ ಮನವಿಯ ಮೊದಲ ವಾಕ್ಯ ಹೀಗಿತ್ತು: "ಈ ಪರೀಕ್ಷೆಯಿಂದ ನಿಮ್ಮ ಮನೆಯ ಇಂಟರ್ನೆಟ್ ಕೆಲವೊಮ್ಮೆ ನಿಲ್ಲಬಹುದು." ಪ್ಯಾಚ್‌ನ ವಿನ್ಯಾಸದ ಬಗ್ಗೆ ಒಂದೇ ಸಾಲು. ಉಳಿದದ್ದೆಲ್ಲ ಏನು ಕೆಡಬಹುದು, ಕೆಟ್ಟರೆ ಹಿಂದಿನ ಸ್ಥಿತಿಗೆ ಬರುವುದು ಹೇಗೆ, ಎಷ್ಟು ವಾರ, ರೌಟರ್ ಯಾರದ್ದು, ನಾವು ಯಾವ ಮಾಹಿತಿ ಒಯ್ಯುತ್ತೇವೆ, ಯಾವುದನ್ನು ಒಯ್ಯುವುದಿಲ್ಲ ಎಂಬುದು. ಕನ್ನಡದಲ್ಲಿ, ಒಂದೇ ಪುಟ. ಕಂಪೈಲ್ ಮಾಡುವ ಮಾತೇ ಇರಲಿಲ್ಲ.

ಬಂದವರು ಬೇರೆ ಜನ. ಗುಳೇದಗುಡ್ಡದ ಕಡೆಯ ಒಬ್ಬ ಪ್ರೌಢಶಾಲೆ ಶಿಕ್ಷಕರು, ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ನಡೆಸುವ ಒಂದು ಕುಟುಂಬ, ಒಬ್ಬ ಮೊಬೈಲ್ ರಿಪೇರಿ ಅಂಗಡಿಯವರು, ಇಳಕಲ್‌ನಲ್ಲಿ ಮಗ ಪುಣೆಯಲ್ಲಿರುವ ಒಂದು ಮನೆ, ಮತ್ತು ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ತಂತ್ರಜ್ಞರು. ಕರ್ನಲ್ ಎಂದರೇನೆಂದು ಇವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅಪಾಯವನ್ನು ಮೊದಲೇ ಹೇಳಿದರೆ ಜನ ಓಡಿಹೋಗುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಓಡಿಹೋದವರು ಇದ್ದಾರೆ, ಉಳಿದವರು ಮಾತ್ರ, ಒಂದು ಮನೆಯ ಹೊರತು, ಕೊನೆಯವರೆಗೂ ಉಳಿದರು. ಮೊದಲ ಕರೆಯಲ್ಲಿ ಇದರ ತದ್ವಿರುದ್ಧ ನಡೆದಿತ್ತು.

ನಿವೃತ್ತ ತಂತ್ರಜ್ಞರು ಸೇರುವ ಮೊದಲು ಎರಡು ಪ್ರಶ್ನೆ ಕೇಳಿದರು. ರಾತ್ರಿ ಹತ್ತಕ್ಕೆ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಅವರು ಎತ್ತದಿದ್ದರೆ ಯಾರಿಗೆ? ಎಂಜಿನಿಯರ್ ಬಳಿ ಇದಕ್ಕೆ ಉತ್ತರ ಸಿದ್ಧವಿರಲಿಲ್ಲ. ಒಂದು ಫೋನ್ ಸಂಖ್ಯೆ, ಅದನ್ನು ಎತ್ತುವ ಹೊತ್ತು, ಎತ್ತದಿದ್ದರೆ ಎರಡನೆಯ ಸಂಖ್ಯೆ, ಇಷ್ಟು ನಿಗದಿಯಾದ ಮೇಲೆಯೇ ಅವರು ರೌಟರನ್ನು ಮನೆಗೆ ಒಯ್ದದ್ದು. ಆ ದಿನದಿಂದ ಅವರು ಪರೀಕ್ಷಕರಷ್ಟೇ ಆಗಿ ಉಳಿಯಲಿಲ್ಲ. ದೂರು ದಾಖಲಿಸುವ ಪುಸ್ತಕವೊಂದನ್ನು ತಾವೇ ಆರಂಭಿಸಿದರು. ಯಾವ ಮನೆ, ಎಷ್ಟು ಗಂಟೆ, ಏನು ಹೇಳಿದರು, ರೌಟರಿನ ಮೇಲೆ ಯಾವ ದೀಪ ಹೊತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಇಟ್ಟಿದ್ದ ಪಟ್ಟಿಗಿಂತ ಅವರ ಪುಸ್ತಕ ಹೆಚ್ಚು ಕೆಲಸಕ್ಕೆ ಬಂತು.

ರೌಟರಿನ ಸಮಸ್ಯೆ

ಫೈಬರ್ ಸಂಪರ್ಕದೊಂದಿಗೆ ಕಂಪನಿ ಕೊಡುವ ಪೆಟ್ಟಿಗೆಯಲ್ಲಿ ಬೇರೆ ಫರ್ಮ್‌ವೇರ್ ಹಾಕಲು ಸಾಮಾನ್ಯವಾಗಿ ಬರುವುದಿಲ್ಲ, ಹಾಕಿದರೆ ಸಂಪರ್ಕವೇ ಹೋಗಬಹುದು. ಮನೆಗಳಲ್ಲಿ ಮೂಲೆ ಸೇರಿದ್ದ ಹಳೆಯ ರೌಟರುಗಳಲ್ಲಿ ಹೆಚ್ಚಿನವು 4 ಎಂಬಿ ಫ್ಲ್ಯಾಶ್ (ವಿದ್ಯುತ್ ಹೋದರೂ ಉಳಿಯುವ ಸಂಗ್ರಹ), 32 ಎಂಬಿ ಮೆಮೊರಿಯವು. ನಾವು ಹಾಕುವ ಓಪನ್‌ಡಬ್ಲ್ಯೂಆರ್‌ಟಿ ಎಂಬ ಲಿನಕ್ಸ್ ಆಧಾರಿತ ರೌಟರ್ ಫರ್ಮ್‌ವೇರಿನ ಇಂದಿನ ಆವೃತ್ತಿಗೆ ಅವು ಸಾಲುವುದಿಲ್ಲ. ಎಲ್ಲದರಲ್ಲೂ ಒಂದೇ ಬಗೆಯ ಚಿಪ್ ಇರುವ, ಹಳೆಯದಾದರೂ ಹೆಚ್ಚು ಫ್ಲ್ಯಾಶ್, ಮೆಮೊರಿಯ ರೌಟರುಗಳನ್ನು ಎಂಜಿನಿಯರ್ ತಮ್ಮ ಖರ್ಚಿನಲ್ಲಿ ಕೊಂಡರು.

ಕೊಡುವ ಮುನ್ನ ಒಂದು ಪದ್ಧತಿ ಮಾಡಿದೆವು. ಪರೀಕ್ಷಕರ ಎದುರಿನಲ್ಲಿಯೇ ರೌಟರನ್ನು ಬೇಕೆಂದೇ ಕೆಡಿಸುವುದು, ಅವರ ಕೈಯಿಂದಲೇ ಮರಳಿ ಬದುಕಿಸುವುದು. ಆ ಮಾದರಿಯ ರೌಟರುಗಳಲ್ಲಿ ರೀಸೆಟ್ ಗುಂಡಿ ಹಿಡಿದುಕೊಂಡು ವಿದ್ಯುತ್ ಕೊಟ್ಟರೆ ಅದು 192.168.0.66 ವಿಳಾಸದಲ್ಲಿರುವ ಕಂಪ್ಯೂಟರಿನಿಂದ ಮೂಲ ಫರ್ಮ್‌ವೇರನ್ನು ತಾನಾಗಿ ತರಿಸಿಕೊಳ್ಳುತ್ತದೆ. ಶಿಕ್ಷಕರಿಗೆ ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಆಯಿತು, ಮೂರನೆಯ ಸಲ ಮಗಳಿಗೆ ಹೇಳಿಕೊಟ್ಟರು. ಈ ಕಸರತ್ತು ಮಾಡಿದವರಲ್ಲಿ ಒಬ್ಬರೂ ನಡುವೆ ಹೆದರಿ ರೌಟರನ್ನು ಹಿಂದಿರುಗಿಸಲಿಲ್ಲ. ಇಡೀ ಯೋಜನೆಯಲ್ಲಿ ಇದಕ್ಕೆ ಖರ್ಚಾದ ಸಮಯದ ಬಗ್ಗೆ ನನಗೆ ಎಳ್ಳಷ್ಟೂ ಹಳಹಳಿಕೆಯಿಲ್ಲ.

ಆದರೆ ಇನ್ನೊಂದು ಎಚ್ಚರಿಕೆಯ ಕ್ರಮ ನಮಗೇ ತಿರುಗಿ ಹೊಡೆಯಿತು. ಮನೆಯವರಿಗೆ ತೊಂದರೆಯಾಗದಿರಲಿ ಎಂದು ಪ್ರಾಯೋಗಿಕ ರೌಟರಿಗೆ ಬೇರೆ ವೈಫೈ ಹೆಸರು ಕೊಟ್ಟಿದ್ದೆವು. ಹಳೆಯದು ಹಾಗೆಯೇ ಇತ್ತು. ಫಲವಾಗಿ ಹೊಸ ಹೆಸರಿಗೆ ಪರೀಕ್ಷಕರ ಒಂದೇ ಫೋನ್ ಸೇರುತ್ತಿತ್ತು. ಒಂದೇ ಸಾಧನ ಇರುವಲ್ಲಿ ಯಾರು ಯಾರಿಗೆ ಕಾಯಬೇಕು? ಎಣಿಕೆ ಸೊನ್ನೆ, ಸೊನ್ನೆ, ಸೊನ್ನೆ. ಸುರಕ್ಷಿತವಾದ ಪರೀಕ್ಷೆಯಲ್ಲಿ ಪರೀಕ್ಷೆಯೇ ನಡೆಯುತ್ತಿರಲಿಲ್ಲ.

ಯಾರ ಒಪ್ಪಿಗೆ

ಇಡೀ ಮನೆಯನ್ನು ಹೊಸ ರೌಟರಿಗೆ ತರಬೇಕೆಂದಾಗ ಪ್ರಶ್ನೆ ಬದಲಾಯಿತು. ಅಲ್ಲಿಯವರೆಗೆ ನಾವು ಒಪ್ಪಿಗೆ ಕೇಳಿದ್ದು ಸ್ವಯಂಸೇವಕರನ್ನು. ಜಾಲ ನಿಂತರೆ ಕಷ್ಟ ಪಡುವವರು ಅವರೊಬ್ಬರೇ ಅಲ್ಲ: ಮನೆಪಾಠದ ವಿಡಿಯೊ ನೋಡುವ ಮಗಳು, ನೂಲಿನ ವ್ಯಾಪಾರಿಗೆ ಹಣ ಕಳಿಸಬೇಕಾದ ಅಣ್ಣ, ಪುಣೆಯ ಮಗನ ಕರೆಗೆ ಕಾಯುವ ತಾಯಿ. ಸ್ವಯಂಸೇವೆ ಒಬ್ಬರದ್ದು, ಅಪಾಯ ಎಲ್ಲರದ್ದು. ಹೀಗಾಗಿ ಪ್ರತಿ ಮನೆಗೂ ಹೋಗಿ ಎಲ್ಲರೂ ಇರುವ ಹೊತ್ತಿನಲ್ಲಿ ವಿಷಯ ಹೇಳಿ, ಒಬ್ಬರು ಬೇಡ ಎಂದರೂ ಬಿಡುವುದು ಎಂದು ತೀರ್ಮಾನವಾಯಿತು. ಮೊಬೈಲ್ ಅಂಗಡಿಯವರ ಮನೆ ಹೀಗೆ ಹೊರಗುಳಿಯಿತು. ಅವರ ಮಗನಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಇತ್ತು. ಒಳ್ಳೆಯ ಪರೀಕ್ಷಕರೊಬ್ಬರನ್ನು ಕಳೆದುಕೊಂಡೆವೆಂದು ಎಂಜಿನಿಯರ್ ಬೇಸರಪಟ್ಟರು.

ಈ ಮಾತುಕತೆಗಳಲ್ಲೇ ಒಂದು ಬೇಡಿಕೆ ಹುಟ್ಟಿತು. ಇಳಕಲ್‌ನ ತಾಯಿ ಕೇಳಿದರು: "ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಕೆಟ್ಟರೆ ನಾನೇನು ಮಾಡಲಿ?" ಫೋನ್ ಸಂಖ್ಯೆ ಅವರಿಗೆ ಸಾಕಾಗಲಿಲ್ಲ. ಎಂಜಿನಿಯರ್ ರಾತ್ರಿ ಕೂತು ರೌಟರಿನ ಹಿಂಬದಿಯ ಡಬ್ಲ್ಯೂಪಿಎಸ್ ಗುಂಡಿಯ (ಪಾಸ್‌ವರ್ಡ್ ಇಲ್ಲದೆ ಸಾಧನ ಜೋಡಿಸಲು ಇರುವಂಥದ್ದು) ಕೆಲಸವನ್ನು ಬದಲಿಸಿದರು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಗುಂಡಿ ಒತ್ತಿದಾಗ ಯಾವ ಸ್ಕ್ರಿಪ್ಟ್ ಓಡಬೇಕೆಂದು ನಾವೇ ಹೇಳಬಹುದು. ಈಗ ಅದನ್ನು ಒತ್ತಿದರೆ ಹೊಸ ತರ್ಕ ಆ ದಿನದ ಮಟ್ಟಿಗೆ ಆರಿ, ಹಳೆಯ ನಡವಳಿಕೆ ತಕ್ಷಣ ಮರಳುತ್ತದೆ. ರೌಟರ್ ಮರುಚಾಲನೆ ಆಗಬೇಕಿಲ್ಲ. ಒತ್ತಿದ ಸಮಯವನ್ನು ಒಂದು ಸಾಲಾಗಿ ಫ್ಲ್ಯಾಶ್‌ನಲ್ಲಿ ಬರೆದಿಡುವಂತೆಯೂ ಮಾಡಿದರು. ಓಪನ್‌ಡಬ್ಲ್ಯೂಆರ್‌ಟಿಯ ಲಾಗ್ (ಘಟನೆಗಳ ದಾಖಲೆ) ಸಾಮಾನ್ಯವಾಗಿ ಮೆಮೊರಿಯಲ್ಲಿ ಇರುವುದರಿಂದ ವಿದ್ಯುತ್ ಹೋದರೆ ಅಳಿಸಿಹೋಗುತ್ತದೆ, ನಮ್ಮ ಕಡೆ ವಿದ್ಯುತ್ ಹೋಗುವುದು ಯಾವಾಗ ಎಂದು ಹೇಳಲು ಬರುವುದಿಲ್ಲ. ಅದೇ ಮುಂಜಾಗ್ರತೆಯಿಂದ ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆಯನ್ನೂ ಗಂಟೆಗೊಮ್ಮೆ ಫ್ಲ್ಯಾಶ್‌ಗೆ ಇಳಿಸಲಾಯಿತು. ಗುಂಡಿಯ ಪಕ್ಕ ಒಂದು ಕೆಂಪು ಚುಕ್ಕೆ, ಗೋಡೆಗೆ ನಾಲ್ಕು ಸಾಲಿನ ಚೀಟಿ.

ನಿವೃತ್ತ ತಂತ್ರಜ್ಞರ ಸಲಹೆಯ ಮೇರೆಗೆ ಇನ್ನೊಂದು ಏರ್ಪಾಟು ಬಂತು. ಹೊಸದೇನೋ ಓಡುತ್ತಿದೆ ಎಂದು ಗೊತ್ತಾದರೆ ಮಳೆ ಬಂದರೂ ಜನ ಅದನ್ನೇ ದೂರುತ್ತಾರೆ ಎಂಬುದು ಅವರ ಅನುಭವ. ಆದ್ದರಿಂದ ರೌಟರ್ ಕೆಲವು ದಿನ ಹಳೆಯ ಕೋಡ್, ಕೆಲವು ದಿನ ಹೊಸ ಕೋಡ್ ಓಡಿಸುತ್ತಿತ್ತು. ಯಾವ ದಿನ ಯಾವುದೆಂದು ಮನೆಯವರಿಗೆ ತಿಳಿಸುತ್ತಿರಲಿಲ್ಲ. ಹಳೆಯ ಕೋಡ್‌ನ ದಿನ ಗುಂಡಿ ಒತ್ತಿದರೆ ಸಮಯ ದಾಖಲಾಗುವುದನ್ನು ಬಿಟ್ಟು ಬೇರೇನೂ ಆಗುವುದಿಲ್ಲ. ಇದು ಮೋಸವಾಗುತ್ತದೆ ಎಂದು ಎಂಜಿನಿಯರ್ ಅಳುಕಿದರು. ಹೀಗೆ ಮಾಡುತ್ತೇವೆ ಎಂದು ಚೀಟಿಯಲ್ಲೇ ಬರೆದು, ಓದಿ ಹೇಳಿ, ಒಪ್ಪಿಸಿಕೊಂಡ ಮೇಲೆ ಅಳುಕು ಹೋಯಿತು.

ನಡೆದದ್ದು

ಮೊದಲ ವಾರಗಳಲ್ಲಿ ದೂರುಗಳೆಲ್ಲ ಸಂಜೆಯವು. ಎಲ್ಲರೂ ಮನೆಯಲ್ಲಿರುವ, ಜಾಲ ತುಂಬಿರುವ ಹೊತ್ತು ಅದು. ಪ್ಯಾಚ್‌ಗೆ ನಿಜವಾದ ಕೆಲಸ ಇರುವುದೂ ಆಗಲೇ. ಎಂಜಿನಿಯರ್ ಸಂಜೆಯ ಎಣಿಕೆಗಳ ಮೇಲೆ ಕಣ್ಣಿಟ್ಟರು. ಮಗ್ಗದ ಮನೆಯಿಂದ ಸಾಲುಸಾಲಾಗಿ ಒತ್ತುವಿಕೆ ಬಂದಾಗ ದೋಷ ಸಿಕ್ಕಿಬಿತ್ತು ಎಂದುಕೊಂಡೆವು. ದೂರು ಪುಸ್ತಕದಲ್ಲಿ ಮಾತ್ರ ಬೇರೆಯೇ ಇತ್ತು: ಪ್ರತಿ ಸಲವೂ ಫೈಬರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗಿತ್ತು. ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದು ಅದರ ಅರ್ಥ. ದೋಷ ಬೀದಿಯಲ್ಲೆಲ್ಲೋ ಇತ್ತು, ನಮ್ಮ ಕೋಡ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಹಳೆಯ ಕೋಡ್‌ನ ದಿನಗಳಲ್ಲೂ ಅಷ್ಟೇ ಒತ್ತುವಿಕೆಗಳು ಇದ್ದದ್ದು ಅದನ್ನು ಖಚಿತಪಡಿಸಿತು.

ಇಳಕಲ್‌ನ ಮನೆಯ ಪಟ್ಟಿ ಬೇರೆ ರೀತಿಯದು. ಅಲ್ಲಿ ಗುಂಡಿ ಒತ್ತಿದ್ದೆಲ್ಲ ಮಧ್ಯಾಹ್ನ, ಎರಡರಿಂದ ನಾಲ್ಕರ ನಡುವೆ. ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ, ಜಾಲ ಬಹುಮಟ್ಟಿಗೆ ಖಾಲಿ. ಖಾಲಿ ಜಾಲದಲ್ಲಿ ಸರದಿಯೇ ಇರುವುದಿಲ್ಲ, ಸರದಿ ಇಲ್ಲದಿದ್ದರೆ ಪ್ಯಾಚ್ ಏನನ್ನೂ ಮಾಡಬಾರದು. ಎಂಜಿನಿಯರ್ ಅದನ್ನು ಬದಿಗಿಟ್ಟರು. ತಂತ್ರಜ್ಞರು ಫೋನ್ ಮಾಡಿ ಕೇಳಿ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಮಗ ವಾಟ್ಸ್ಆ್ಯಪ್ ಕರೆ ಮಾಡಿದನಂತೆ, ಫೋನ್ ಸದ್ದು ಮಾಡಲಿಲ್ಲ, ಕೈಗೆತ್ತಿಕೊಂಡು ತೆರೆದಾಗ ತಪ್ಪಿದ ಕರೆ ಕಾಣಿಸಿತು.

ಇದಕ್ಕೂ ಸಿದ್ಧ ವಿವರಣೆ ಇತ್ತು. ಅಗ್ಗದ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುತ್ತವೆ, ಇಂಥ ದೂರು ಎಲ್ಲೆಡೆ ಇದೆ. ಪರೀಕ್ಷೆ ಇಲ್ಲಿಯೇ ದಾರಿ ತಪ್ಪಬಹುದಿತ್ತು. ತಪ್ಪದಂತೆ ಹಿಡಿದದ್ದು ದಿನಗಳ ಅದಲುಬದಲು. ದಿನಾಂಕಗಳನ್ನು ಎದುರುಬದುರು ಇಟ್ಟು ನೋಡಿದಾಗ ಮಧ್ಯಾಹ್ನದ ಒತ್ತುವಿಕೆಗಳೆಲ್ಲ ಹೊಸ ಕೋಡ್ ಓಡಿದ ದಿನಗಳಲ್ಲೇ ಬಿದ್ದಿದ್ದವು. ಬ್ಯಾಟರಿ ಉಳಿಸುವ ಫೋನಿಗೆ ರೌಟರಿನಲ್ಲಿ ಇಂದು ಯಾವ ಕೋಡ್ ಇದೆ ಎಂದು ತಿಳಿಯುವುದಿಲ್ಲ.

ಆಮೇಲೆ ಕಾರಣ ಸಿಗಲು ತಡವಾಗಲಿಲ್ಲ. ಬಳಸದೆ ಇಟ್ಟ ಫೋನ್ ತನ್ನ ವೈಫೈ ರೇಡಿಯೊವನ್ನು ಮಲಗಿಸುತ್ತದೆ. ರೌಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳಿಸುತ್ತದೆ. ಯಾರಿಗೆ ಪ್ಯಾಕೆಟ್ ಕಾದಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಫೋನ್ ಪ್ರತಿ ಬೀಕನ್‌ಗೂ ಏಳುವುದಿಲ್ಲ, ಕೆಲವನ್ನು ಬಿಟ್ಟು ಏಳುತ್ತದೆ, ತನ್ನ ಹೆಸರು ಪಟ್ಟಿಯಲ್ಲಿದ್ದರೆ ಪ್ಯಾಕೆಟ್ ಕೇಳಿ ಪಡೆಯುತ್ತದೆ. ಮೂರು ಬೀಕನ್‌ಗೊಮ್ಮೆ ಎದ್ದರೂ 300 ಮಿಲಿಸೆಕೆಂಡ್ ದಾಟುತ್ತದೆ. ಪ್ಯಾಚ್‌ನ ಮಿತಿ 150. ಮಲಗಿದ್ದ ಫೋನಿಗಾಗಿ ಕಾದಿಟ್ಟ ಪ್ಯಾಕೆಟನ್ನು ಹಳಸಿತೆಂದು ಬಿಸಾಡುತ್ತಿದ್ದದ್ದು ಇದೇ ಕೋಡ್. ಕಳಿಸಿದ ಸರ್ವರ್ ಮತ್ತೆ ಕಳಿಸುತ್ತದೆ, ಅದೂ ಹಳಸುತ್ತದೆ. ಟಿಸಿಪಿ ಪ್ರತಿ ಸಲವೂ ಇಮ್ಮಡಿ ಹೊತ್ತು ಕಾಯ್ದು ಪ್ರಯತ್ನಿಸುತ್ತದೆ. ಅಷ್ಟರಲ್ಲಿ ಪುಣೆಯ ಮಗ ಕರೆ ಕತ್ತರಿಸಿರುತ್ತಾನೆ.

ಮೇಜಿನ ಮೇಲೆ ಇದು ಕಾಣಿಸದೆ ಹೋದದ್ದಕ್ಕೆ ಕಾರಣವೂ ಆಗ ತಿಳಿಯಿತು. ಅಳತೆಯ ಉಪಕರಣ ಸತತವಾಗಿ ದಟ್ಟಣೆ ತುಂಬುತ್ತದೆ. ಅದು ಓಡುವಾಗ ಯಾವ ಸಾಧನವೂ ಮಲಗುವುದಿಲ್ಲ. ಜಾಲದ ಕೋಡನ್ನು ಕಠಿಣವಾಗಿ ಪರೀಕ್ಷಿಸುವುದೆಂದರೆ ಜಾಲವನ್ನು ತುಂಬುವುದು ಎಂಬ ರೂಢಿಯೇ ದೋಷವನ್ನು ಮುಚ್ಚಿತ್ತು. ಎಣಿಕೆಯಲ್ಲೂ ಅದು ಅಡಗಿಯೇ ಇತ್ತು: ಸಂಜೆ ಬಿಸಾಡಿದ ಪ್ಯಾಕೆಟ್‌ಗಳು ಸಾವಿರಗಳಲ್ಲಿ, ಮಧ್ಯಾಹ್ನದವು ಹತ್ತಾರು. ಒಟ್ಟು ಮೊತ್ತ ನೋಡುವವರಿಗೆ ಆ ಹತ್ತಾರು ಕಣ್ಣಿಗೇ ಬೀಳುವುದಿಲ್ಲ, ಆದರೆ ಕರೆ ತಪ್ಪಿಸಲು ಅಷ್ಟು ಸಾಕು.

ತಿದ್ದುಪಡಿ ಸರಳವಾಗಿತ್ತು. ಸಾಧನ ಮಲಗಿರುವಷ್ಟು ಹೊತ್ತು ಪ್ಯಾಕೆಟ್‌ನ ವಯಸ್ಸು ಎಣಿಸದಿರುವುದು. ಲಿನಕ್ಸ್‌ನಲ್ಲಿ ಹುಸಿ ವೈಫೈ ರೇಡಿಯೊಗಳನ್ನು ಸೃಷ್ಟಿಸುವ ಮಾಡ್ಯೂಲ್ ಒಂದಿದೆ; ಅದರಲ್ಲಿ ನಿದ್ದೆಯ ಸ್ಥಿತಿಯನ್ನು ಅನುಕರಿಸಿ ಎಂಜಿನಿಯರ್ ಒಂದು ಸ್ವಯಂಚಾಲಿತ ಪರೀಕ್ಷೆಯನ್ನೂ ಬರೆದರು. ಏನನ್ನು ಹುಡುಕಬೇಕೆಂದು ಗೊತ್ತಾದ ಮೇಲೆ ಅದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ತಿದ್ದಿದ ಕೋಡ್ ಅದೇ ಮನೆಗಳಲ್ಲಿ ಮತ್ತೆ ಓಡಿತು. ಇಳಕಲ್‌ನಲ್ಲಿ ಮಧ್ಯಾಹ್ನದ ಒತ್ತುವಿಕೆಗಳು ನಿಂತವು. ಸಂಜೆಯ ಲಾಭ ಮೇಜಿನ ಮೇಲಿನ ನಕ್ಷೆಗಳಷ್ಟು ದೊಡ್ಡದಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಶಿಕ್ಷಕರ ಮನೆಯಲ್ಲಿ ವ್ಯತ್ಯಾಸ ಯಾರ ಅನುಭವಕ್ಕೂ ಬರಲಿಲ್ಲ.

ಪ್ರಕರಣವನ್ನು ಬಳಸಬಯಸುವವರಿಗೆ

ನಮ್ಮ ಅತ್ಯುತ್ತಮ ದೋಷ ವರದಿ ಕೊಟ್ಟವರು ಒಂದು ಅಕ್ಷರವನ್ನೂ ಬರೆಯಲಿಲ್ಲ, ಏನೋ ಸರಿಯಿಲ್ಲ ಎನಿಸಿದ ಕ್ಷಣದಲ್ಲಿ ಒಂದು ಗುಂಡಿ ಒತ್ತಿದರು. ಲಾಗ್ ಕಳಿಸಿ, ಆವೃತ್ತಿ ಹೇಳಿ, ಮರುಸೃಷ್ಟಿಸುವ ಹಂತಗಳನ್ನು ಬರೆಯಿರಿ ಎಂದು ಕೇಳುವ ಪದ್ಧತಿ ತಂತ್ರಜ್ಞರಿಗೆ ಸರಿ. ಅದರಿಂದ ಪರೀಕ್ಷಕರ ವಲಯ ನಮ್ಮಂಥವರಿಗೇ ಸೀಮಿತವಾಗುತ್ತದೆ, ಮತ್ತು ನಮ್ಮಂಥವರ ಫೋನ್ ಮಧ್ಯಾಹ್ನ ಎರಡು ಗಂಟೆಗೆ ಗೂಡಿನಲ್ಲಿ ಮಲಗಿರುವುದಿಲ್ಲ. ಗುಂಡಿಯನ್ನು ನಾವು ಮಾಡಿದ್ದು ಮನೆಯವರ ಸುರಕ್ಷತೆಗೆ. ಅದು ಅಳತೆಯ ಸಾಧನವಾದದ್ದು ಆಮೇಲೆ. ಒಂದು ಮನೆಗೆ ಹಿಂದಿರುಗುವ ದಾರಿ ಎಷ್ಟು ಸುಲಭವೋ ಅಷ್ಟು ಬೇಗ ಅವರು ಅದನ್ನು ಬಳಸುತ್ತಾರೆ, ಅಷ್ಟು ನಿಖರವಾಗಿ ತೊಂದರೆಯ ಗಳಿಗೆ ದಾಖಲಾಗುತ್ತದೆ.

ಮಾಹಿತಿ ಸಂಗ್ರಹದ ಬಗ್ಗೆ ಒಂದು ಮಾತು. ಯಾರು ಯಾವ ತಾಣ ನೋಡಿದರು ಎಂಬುದು ರೌಟರಿಗೆ ಗೊತ್ತಾಗುತ್ತದೆ. ನಾವು ಒಯ್ದದ್ದು ಎಣಿಕೆಗಳು ಮತ್ತು ಗುಂಡಿಯ ಸಮಯ ಮಾತ್ರ. ಸಾಧನಗಳ ವಿಳಾಸಗಳನ್ನು ರೌಟರಿನಲ್ಲೇ ಅಳಿಸಿ "ಸಾಧನ ಒಂದು", "ಸಾಧನ ಎರಡು" ಎಂದಷ್ಟೇ ಇಟ್ಟುಕೊಂಡೆವು. ಇದರಿಂದ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗಲಿಲ್ಲ, ಆದರೆ ಮಗ್ಗದ ಮನೆಯವರು ಸೇರಲು ಒಪ್ಪಿದ್ದೇ ಈ ಷರತ್ತಿನ ಮೇಲೆ.

ಹೆಸರಿನ ಪ್ರಶ್ನೆ ಕೊನೆಗೆ ಎದುರಾಯಿತು. ಕರ್ನಲ್‌ಗೆ ಪ್ಯಾಚ್ ಕಳಿಸುವಾಗ ಪರೀಕ್ಷಿಸಿದವರನ್ನು ಹೆಸರು, ಇಮೇಲ್ ಸಹಿತ ಗೌರವಿಸುವ ರೂಢಿ ಇದೆ. ಅಂಥ ಸಾಲು ಸೇರಿಸಲು ಅವರ ಒಪ್ಪಿಗೆ ಬೇಕು. ಒಮ್ಮೆ ಸೇರಿದರೆ ಅದು ಶಾಶ್ವತ. ನಿವೃತ್ತ ತಂತ್ರಜ್ಞರು ಸಂತೋಷದಿಂದ ಒಪ್ಪಿದರು. ಇಳಕಲ್‌ನ ತಾಯಿ ತಮ್ಮ ಹೆಸರು ಯಾಕೆ ಎಂದರು. ಮಗ ತನ್ನ ಇಮೇಲ್ ಕೊಡುತ್ತೇನೆಂದ. ಕಂಡುಹಿಡಿದವರು ಒಬ್ಬರು, ಹೆಸರು ಇನ್ನೊಬ್ಬರದ್ದು ಆಗುವುದು ಎಂಜಿನಿಯರ್‌ಗೆ ಹಿಡಿಸಲಿಲ್ಲ. ಪ್ಯಾಚ್‌ನ ವಿವರಣೆಯಲ್ಲಿ "ಮನೆಯೊಂದರಲ್ಲಿ ನಡೆದ ಪರೀಕ್ಷೆಯಲ್ಲಿ, ಮಲಗಿದ್ದ ಫೋನಿಗೆ ಬಂದ ಕರೆ ತಪ್ಪಿದ್ದರಿಂದ ಕಂಡುಬಂತು" ಎಂಬರ್ಥದ ಒಂದು ವಾಕ್ಯವಷ್ಟೇ ಉಳಿಯಿತು.

ಸದ್ಯದ ಸ್ಥಿತಿ ಹೀಗಿದೆ. ಪ್ಯಾಚ್‌ನ ಎರಡನೆಯ ಆವೃತ್ತಿಯನ್ನು ಪರಿಶೀಲಿಸಿದವರು ಬೇರೆ ಚಿಪ್‌ನ ಡ್ರೈವರಿನಲ್ಲೂ ಇದೇ ಫಲಿತಾಂಶ ಬರುತ್ತದೆಯೇ ಎಂದು ಕೇಳಿದ್ದಾರೆ. ಅದಕ್ಕೆ ಬೇರೆ ರೌಟರುಗಳು ಬೇಕು, ಇನ್ನಷ್ಟು ಮನೆಗಳು ಬೇಕು. ಮಗ್ಗದ ಮನೆಯವರು ಈ ಹಂಗಾಮು ಮುಗಿಯುವವರೆಗೆ ಬೇಡವೆಂದಿದ್ದಾರೆ. ಮೊಬೈಲ್ ಅಂಗಡಿಯವರ ಮಗನ ಪರೀಕ್ಷೆ ಮುಗಿದಿರುವುದರಿಂದ ಅವರು ಈ ಸಲ ಸೇರುತ್ತಾರೆ. ಹೊಸದಾಗಿ ಕೊಳ್ಳಲು ನೋಡುತ್ತಿರುವ ಮಾದರಿಯಲ್ಲಿ ಡಬ್ಲ್ಯೂಪಿಎಸ್ ಗುಂಡಿ ಇಲ್ಲ, ರೀಸೆಟ್ ಒಂದೇ ಇದೆ. ಅದು ಸೂಜಿ ತೂರಿಸಿ ಒತ್ತುವಂಥದ್ದು. ಆ ರೌಟರ್ ಬೇಡವೆಂದು ನಿವೃತ್ತ ತಂತ್ರಜ್ಞರು ಪಟ್ಟು ಹಿಡಿದಿದ್ದಾರೆ, ಎಂಜಿನಿಯರ್ ಗುಂಡಿ ಇರುವ ಇನ್ನೊಂದು ಮಾದರಿಯ ಬೆಲೆ ವಿಚಾರಿಸುತ್ತಿದ್ದಾರೆ.